ಸ್ಕ್ರೂಡ್ರೈವರ್ ಮಕ್ಕಳ ಕೈಯಲ್ಲೇ ಇರಲಿ

ಶಾಲಾ ಮಕ್ಕಳ ರೋಬೋ ಸ್ಪರ್ಧೆ ಹತ್ತಿರ ಬಂತು ಅಂದ ಕೂಡಲೇ ಮಕ್ಕಳ ಕೈಯಿಂದ ಸ್ಕ್ರೂಡ್ರೈವರ್ ಇಸ್ಕೊಂಡು ತಾವೇ ಕೆಲಸ ಮುಗಿಸಿಬಿಡುವ ವಾಲಂಟಿಯರ್‌ಗಳಿದ್ದಾರೆ. ಒಳ್ಳೇ ಮನಸ್ಸಿನಿಂದಲೇ ಮಾಡುತ್ತಾರೆ, ಗೊತ್ತು. ಆದರೂ ಅದು ತಪ್ಪು ಅಂತಲೇ ನಾನು ಹೇಳೋದು.

ನಾನು ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಹೈಸ್ಕೂಲಿನ ರೋಬೋಟಿಕ್ಸ್ ತಂಡದ ಜೊತೆ ಕೂರುತ್ತೇನೆ. ಅಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ, ಮಕ್ಕಳು ಕೈಯಾರೆ ಮಾಡಿ ಕಲಿಯುವ ಜಾಗ. 2016ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆ, ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಆರ್ಡುಯಿನೊ (ಕೋಡ್ ಹಾಕಿ ನಡೆಸುವ ಪುಟ್ಟ ಬೋರ್ಡ್), ಸೆನ್ಸರ್, ಮೋಟಾರ್ ಎಲ್ಲಾ ಬಂದಿವೆ. ಆದರೆ ವಿಜ್ಞಾನದ ಮಿಸ್‌ಗೆ ಎಸ್‌ಎಸ್‌ಎಲ್‌ಸಿ ತಯಾರಿಯಲ್ಲೇ ಪುರುಸೊತ್ತಿಲ್ಲ. ಮಕ್ಕಳ ಪಕ್ಕದಲ್ಲಿ ತಾಳ್ಮೆಯಿಂದ ಕೂರುವವರು ಬೇಕು.

ಕಪ್ಪು ಗೆರೆ ಹಿಡಿದು ಓಡುವ ಇವರ ರೋಬೋ ಲ್ಯಾಬ್ ಒಳಗೆ ಚೆನ್ನಾಗಿಯೇ ಓಡುತ್ತಿತ್ತು. ವರಾಂಡಕ್ಕೆ ತಂದರೆ ದಾರಿ ತಪ್ಪುತ್ತಿತ್ತು. ಬ್ಯಾಟರಿ ಬದಲಿಸಿದರು. ಕೋಡ್ ತಿದ್ದಿದರು. ಊಹೂಂ. ಗೆರೆ ಗುರುತಿಸುವ ಸೆನ್ಸರ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ವಾಪಸ್ ಬಂದದ್ದನ್ನು ಅಳೆಯುತ್ತದೆ. ಬಿಳಿ ನೆಲದಿಂದ ಜಾಸ್ತಿ ಬರುತ್ತದೆ, ಕಪ್ಪು ಗೆರೆಯಿಂದ ಕಡಿಮೆ. ಬಿಸಿಲಲ್ಲೂ ಇನ್‌ಫ್ರಾರೆಡ್ ಇರುತ್ತಲ್ವಾ, ಅದು ಒಳಗೆ ನುಗ್ಗಿದರೆ ಸೆನ್ಸರ್‌ಗೆ ಎಲ್ಲವೂ ಬಿಳಿಯೇ. ನನಗಿದು ಗೊತ್ತಿತ್ತು. ಹೇಳಲಿಲ್ಲ. "ಅಕ್ಕಾ, ನೀವೇ ಸರಿ ಮಾಡಿಕೊಡಿ" ಅಂದರು. "ಸೀರಿಯಲ್ ಮಾನಿಟರ್‌ನಲ್ಲಿ ಅಂಕಿ ಏನು ಬರ್ತಿದೆ ನೋಡ್ರೋ" ಅಂದೆ, ಅಷ್ಟೇ. ಸೆನ್ಸರ್ ಓದಿದ ಅಂಕಿಯನ್ನು ಕಂಪ್ಯೂಟರ್‌ನಲ್ಲಿ ತೋರಿಸುವ ಕಿಟಕಿ ಅದು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಿಸಿಲಿಗೆ ಕೈ ಅಡ್ಡ ಹಿಡಿದಳು. ಅಂಕಿ ಬದಲಾಯಿತು! ಕೈ ತೆಗೆದಳು, ಮತ್ತೆ ಹಿಡಿದಳು. ಕಪ್ಪು ಚಾರ್ಟ್ ಕತ್ತರಿಸಿ ಸೆನ್ಸರ್ ಸುತ್ತ ಮರೆ ಕಟ್ಟಿದರು. ಮುಂದಿನ ವಾರ ಹೋಗುವಷ್ಟರಲ್ಲಿ, ಓಟಕ್ಕೆ ಮುಂಚೆ ಆಯಾ ಜಾಗದಲ್ಲೇ ಬಿಳಿ, ಕಪ್ಪು ಎರಡನ್ನೂ ಓದಿಸಿಕೊಳ್ಳುವ ಕೋಡ್ ಬರೆದಿದ್ದರು. ನಾನು ಹೇಳಿಕೊಟ್ಟದ್ದಲ್ಲ ಅದು.

ನಾನೇ ಸರಿಮಾಡಿದ್ದರೆ ಎರಡು ನಿಮಿಷದ ಕೆಲಸ. ಸ್ಪರ್ಧೆಯ ಹಾಲ್‌ನಲ್ಲಿ ಲೈಟ್ ಬೇರೆ ಥರ ಇದ್ದರೆ ಇವರು ಏನು ಮಾಡುತ್ತಿದ್ದರು? ಜಡ್ಜ್ "ಈ ಸಾಲು ಯಾಕೆ ಬರೆದಿರಿ" ಅಂದಾಗ ನನ್ನ ಮುಖ ನೋಡುತ್ತಿದ್ದರು. ಬಹುಮಾನ ಬಂದರೂ ಅದು ಮಕ್ಕಳದ್ದಲ್ಲ.

ಇನ್ನೊಂದು ಮಾತು. ಹುಡುಗಿಯರಿಗೆ ಚಾರ್ಟ್ ಬರೆಯೋದು, ಹುಡುಗರಿಗೆ ಮೋಟಾರ್ ಅಂತ ಹಂಚಬೇಡಿ. ಸುಮ್ನೆ ಬಿಟ್ಟರೆ ಹಾಗೇ ಹಂಚಿಕೆಯಾಗಿಬಿಡುತ್ತೆ, ಅದನ್ನು ತಡೆಯೋದು ನಮ್ಮ ಕೆಲಸ.

ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇಂಥ 50,000 ಲ್ಯಾಬ್ ಅಂತ 2025ರ ಕೇಂದ್ರ ಬಜೆಟ್‌ನಲ್ಲಿ ಹೇಳಿದ್ದಾರೆ. ಒಂದು ದಿನದ ವರ್ಕ್‌ಶಾಪ್ ಮಾಡಿ, ಬ್ಯಾನರ್ ಮುಂದೆ ಫೋಟೊ ತೆಗೆಸಿಕೊಂಡು ಹೋದರೆ ಅಲ್ಲಿ ಏನೂ ನಡೆಯುವುದಿಲ್ಲ. ತುಮಕೂರಿನಲ್ಲಿ ಓದುತ್ತಿರುವವರು ವಾರಕ್ಕೊಂದು ಮಧ್ಯಾಹ್ನ ಕೊಡಿ. ಎಲೆಕ್ಟ್ರಾನಿಕ್ಸ್‌ನವರೇ ಆಗಬೇಕಿಲ್ಲ. ಮೆಕ್ಯಾನಿಕಲ್‌ನವರಂತೂ ಬೇಕೇ ಬೇಕು, ನಮ್ಮ ತಂಡ ಈಗ ಗೇರ್ ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದೆ.