ಶಾಲು ಹೊದಿಸಿದ್ದರಲ್ಲಿ ಹೋದ ಎರಡು ಪೀರಿಯಡ್

ಇವತ್ತು ನಮ್ಮೂರ ಸರ್ಕಾರಿ ಹೈಸ್ಕೂಲಲ್ಲಿ ಎರಡು ಪೀರಿಯಡ್ ಗಣಿತ ಹೋಯಿತು. ಟೆಕ್ಸಾಸ್‌ನಿಂದ ಒಬ್ಬ ಮಹನೀಯರು ಮಕ್ಕಳ ಸೇವೆ ಮಾಡೋಕೆ ಬಂದಿದ್ದರು. ಬೆಳಿಗ್ಗೆ ಬಂದರು, ಮಾಡಿದರು, ಊಟದ ಹೊತ್ತಿಗೆ ಕಾರು ಹತ್ತಿದರು.

ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಮಕ್ಕಳು ಅಂಗಳದ ಬಿಸಿಲಲ್ಲಿ, ಅತಿಥಿಗಳು ಶಾಮಿಯಾನದ ಕೆಳಗೆ. 'ದೊಡ್ಡ ಕನಸು ಕಾಣಿ' ಅಂತ ಭಾಷಣ. ನನ್ನ ಪಕ್ಕ ಕೂತಿದ್ದ ಎಂಟನೇ ಕ್ಲಾಸಿನ ಹುಡುಗ ಮೆಲ್ಲಗೆ ಕೇಳಿದ: 'ಸಾರ್, ಇವತ್ತು ಪಿಟಿ ಪೀರಿಯಡ್ಡೂ ಹೋಗುತ್ತಾ?' ಅವನ ಕನಸು ಅಷ್ಟೇ.

ನನ್ನ ಸಿಟ್ಟು ಅವರ ಮೇಲಲ್ಲ, ಆ ಶಾಲಿನ ಮೇಲೆ. ಶಾಲಿಗೆ ಸ್ಟಾಫ್ ರೂಮಲ್ಲಿ ಚಂದಾ ಎತ್ತಿದ್ದರು. ಗಣಿತದ ಅತಿಥಿ ಶಿಕ್ಷಕಿಯೂ ಕೊಟ್ಟರು. ಶಾಲೆ ಶುರುವಾದಾಗಿನಿಂದ ಪಾಠ ಮಾಡ್ತಿದ್ದಾರೆ, ಗೌರವಧನ ಇನ್ನೂ ಕೈಗೆ ಬಂದಿಲ್ಲ. 2025ರ ಬಜೆಟ್‌ನಲ್ಲಿ 2,000 ರೂಪಾಯಿ ಜಾಸ್ತಿ ಮಾಡಿದ ಮೇಲೂ ಹೈಸ್ಕೂಲಿನವರಿಗೆ ಸಿಗೋದು ತಿಂಗಳಿಗೆ 12,500. ಅದೂ ಬೇಸಿಗೆ ರಜೆಯಲ್ಲಿ ಇಲ್ಲ. ಅವರಿಗೆ ಯಾರೂ ಪೇಟ ತೊಡಿಸಿದ್ದು ನಾನು ನೋಡಿಲ್ಲ. ಇವತ್ತು ಅವರ ಕೆಲಸ ತಟ್ಟೆ ಹಿಡ್ಕೊಂಡು ನಿಲ್ಲೋದು.

ನಿಮಗೆಲ್ಲ ಗೊತ್ತಲ್ಲ, ನಾನೂ ಅಮೆರಿಕಾದಿಂದಲೇ ಬಂದವನು. ಊರಲ್ಲಿ ನನ್ನ ಬಗ್ಗೆ ಒಂದು ಕಥೆ ಇದೆ: ಡಾಲರ್ ಬಿಟ್ಟು ಮಣ್ಣಿನ ಸೆಳೆತಕ್ಕೆ ಬಂದ ಮಗ. ಮಣ್ಣೂ ಇಲ್ಲ, ಸೆಳೆತವೂ ಇಲ್ಲ. ಕೆಲಸ ಹೋಯಿತು. ಅಲ್ಲಿ ಎಚ್-1ಬಿ ಅನ್ನೋ ಕೆಲಸದ ವೀಸಾ ಇದ್ದವರಿಗೆ ಕೆಲಸ ಹೋದರೆ ಬೇರೆ ಕೆಲಸ ಹುಡುಕೋಕೆ ಹೆಚ್ಚೆಂದರೆ 60 ದಿನ ಟೈಮು. ಬೇರೆ ಕೆಲಸ ಸಿಗಲಿಲ್ಲ, ಗಂಟುಮೂಟೆ ಕಟ್ಟಿದೆ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತೆ ಅಂತ ಸ್ಕೂಲಿಗೆ ಹೋದೆ. ಸೇವೆ ಅನ್ನೋದು ಆಮೇಲೆ ಊರವರು ಅಂಟಿಸಿದ ಚೀಟಿ.

'ಏನೋ ಒಂದು ಮಾಡ್ತಾರಲ್ಲ, ಮಾಡದೇ ಇರೋದಕ್ಕಿಂತ ವಾಸಿ ಅಲ್ವಾ?' ಅಂತ ಕಾಮೆಂಟ್ ಹಾಕೋಕೆ ಈಗಾಗಲೇ ಬೆರಳು ಮಡಚಿದ್ದೀರಿ, ಗೊತ್ತು. ಕೆಲವರು ಕಟ್ಟಡ ಕಟ್ಟಿಸಿದ್ದಾರೆ, ಶೌಚಾಲಯ ಕಟ್ಟಿಸಿದ್ದಾರೆ. ಒಪ್ಪಿದೆ, ಕೈಮುಗಿದೆ. ಆದರೆ ಹಿಂದೆ ಯಾರೋ ಪುಣ್ಯಾತ್ಮರು ಕೊಟ್ಟ ಟ್ಯಾಬ್‌ಗಳು ಎಚ್ಎಂ ಅವರ ಬೀರುವಿನಲ್ಲಿ ಬೀಗ ಹಾಕ್ಕೊಂಡು ಕೂತಿವೆ. ಸ್ಟಾಕ್ ರಿಜಿಸ್ಟರಿಗೆ ಏರಿದ ವಸ್ತು ಕಳೆದರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರು. ಕೊಟ್ಟವರ ಫೋಟೋ ಮಾತ್ರ ಹೊರಗೆ ಗೋಡೆ ಮೇಲಿದೆ. ಕೊಡೋಕೆ ಮುಂಚೆ 'ಏನು ಬೇಕು' ಅಂತ ಒಂದು ಮಾತು ಕೇಳಿದ್ದರೆ!

ಬೇಕಾಗಿರೋದು ಏನು ಅಂತ ಹೇಳ್ತೀನಿ. ಅಮೆರಿಕಾದ ಬೇಸಿಗೆ ರಜೆ ಬಿಡುವಾಗ ನಮ್ಮಲ್ಲಿ ಶಾಲೆ ಶುರು, ಸೇತುಬಂಧ ನಡೀತಿರುತ್ತೆ. ಹೋದ ವರ್ಷದ್ದು ಯಾರಿಗೆ ಬಂತು, ಯಾರಿಗೆ ಬಂದಿಲ್ಲ ಅಂತ ನೋಡಿ, ಬಾರದ್ದನ್ನು ಮತ್ತೆ ಹೇಳಿಕೊಡೋ ಸಮಯ. ಎಂಟನೇ ಕ್ಲಾಸಿಗೆ ಬಂದೂ ಒತ್ತಕ್ಷರ ಬಂದ ಕಡೆ ತಡವರಿಸುವ ಮಕ್ಕಳಿದ್ದಾರೆ. ಪಕ್ಕದಲ್ಲಿ ಕೂತು ಓದಿಸೋಕೆ ಒಬ್ಬರು ಸಿಕ್ಕರೆ ಸಾಕು. ಅದಕ್ಕೆ ಮೈಕ್ ಬೇಡ.

ಮೊನ್ನೆ ಒಬ್ಬಳು ಕೇಳಿದಳು: 'ಮೈನಸ್ಸಿಗೆ ಮೈನಸ್ ಗುಣಿಸಿದರೆ ಪ್ಲಸ್ ಹೆಂಗಾಗುತ್ತೆ ಸಾರ್?' ನಾನು ನಂಬರ್ ಲೈನ್ ಗೀಚಿ ಏನೇನೋ ಹೇಳಿದೆ. ಅವಳ ಮುಖ ಬದಲಾಗಲಿಲ್ಲ. ಟೀಚರ್ ಸೀಮೆಸುಣ್ಣ ಇಸ್ಕೊಂಡರು. 'ಅಂಗಡಿಯಲ್ಲಿ ನಿನ್ನ ಹೆಸರಲ್ಲಿ ಮೂರು ಮೂರು ರೂಪಾಯಿ ಸಾಲ ಬರೆದಿದ್ದಾರೆ. ಶೆಟ್ರು ಅದರಲ್ಲಿ ಎರಡು ಹೊಡೆದುಹಾಕಿದರು. ನಿನಗೆ ಎಷ್ಟು ಉಳೀತು?' 'ಆರು ರೂಪಾಯಿ ಮಿಸ್!' ಅಂತ ಹಿಂದಿನ ಬೆಂಚಿಂದ ಬಂತು. 12,500 ರೂಪಾಯಿಗೆ ಇಷ್ಟು ಬುದ್ಧಿ ನಮಗೆ ಇನ್ನೆಲ್ಲಿ ಸಿಗುತ್ತೆ?

ಬರೋರಿದ್ದರೆ ಬನ್ನಿ. ಈ ಟೀಚರ್ ಹೇಳಿದ ಹಾಗೆ ಕೇಳ್ಕೊಂಡು ಇರೋ ಹಾಗಿದ್ದರೆ ಮಾತ್ರ. ಬರೋಕೆ ಆಗದವರು ವೀಡಿಯೋ ಕಾಲ್‌ನಲ್ಲಿ ಓದಿಸಬಹುದು. ನನ್ನ ಲ್ಯಾಪ್‌ಟಾಪ್ ಇದೆ, ನೆಟ್ ಇದೆ. ಇಲ್ಲಿ ಬೆಳಿಗ್ಗೆ ಹತ್ತು ಅಂದರೆ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಬೇಸಿಗೆಯಲ್ಲಿ ಹಿಂದಿನ ರಾತ್ರಿ ಹನ್ನೊಂದೂವರೆ, ಚಳಿಗಾಲದಲ್ಲಿ ಹತ್ತೂವರೆ. ಎಂಟನೇ ಕ್ಲಾಸು, ಮಂಗಳವಾರ ಮತ್ತು ಶುಕ್ರವಾರ, ಮಾರ್ಚ್‌ವರೆಗೆ. ನಡುವೆ ಕೈಕೊಡೋ ಹಾಗಿದ್ದರೆ ಈಗಲೇ ಬೇಡ ಅಂದುಬಿಡಿ. ಉಳಿದವರು ಇನ್‌ಬಾಕ್ಸ್‌ಗೆ ಬನ್ನಿ.