ಮಾಸ್ಕಿಗೆ ಮೂರು ಕೊಟೇಶನ್, ಡಾಕ್ಟರಿಗೆ ಒಂದು ದಿನ ಬ್ರೇಕ್

ಕೊರೊನಾಕ್ಕೆ ದೇಶದ ಮೊದಲ ಬಲಿ ಬಿದ್ದದ್ದು ಕಲಬುರಗಿಯಲ್ಲಿ. 2020ರ ಮಾರ್ಚ್ 10ಕ್ಕೆ ಜೀವ ಹೋಯಿತು, 12ಕ್ಕೆ ಸೋಂಕು ಖಚಿತವಾಯಿತು. ರೋಗ ಮುಂದೆ, ಕಾಗದ ಹಿಂದೆ, ರೊಕ್ಕ ಎಲ್ಲಕ್ಕೂ ಹಿಂದೆ. ಈ ಸಾಲನ್ನು ಸರ್ಕಾರ ಆಮೇಲೆ ಎಂದೂ ಮುರಿಯಲಿಲ್ಲ.

ಏಪ್ರಿಲ್‌ನಲ್ಲಿ ದಿಲ್ಲಿಯಿಂದ 15,000 ಕೋಟಿ ರೂಪಾಯಿಯ ತುರ್ತು ಪ್ಯಾಕೇಜ್ ಬಂತು, ಟಿವಿಯಲ್ಲಿ. ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಯ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಕೈಗೆ ಎಟಕುವುದು ಅನ್‌ಟೈಡ್ ಫಂಡ್, ಅಂದರೆ ಇಂಥದ್ದಕ್ಕೇ ಎಂದು ಕಟ್ಟಿಹಾಕದ ರೊಕ್ಕ, ವರ್ಷಕ್ಕೆ 1,75,000. ಸುಣ್ಣಬಣ್ಣ, ನಲ್ಲಿ ರಿಪೇರಿ, ಫಿನಾಯಿಲ್, ಬಲ್ಬು ಎಲ್ಲಾ ಅದರಲ್ಲೇ. ಬಯಲು ಪ್ರದೇಶದಲ್ಲಿ 30,000 ಜನಕ್ಕೊಂದು ಕೇಂದ್ರ ಎಂಬುದು ಮಾನದಂಡ. ಭಾಗಿಸಿ ನೋಡಿ: ತಲೆಗೆ 5 ರೂಪಾಯಿ 83 ಪೈಸೆ. ಆ ಮಾರ್ಚ್‌ನಲ್ಲೇ ಕೇಂದ್ರ ಸರ್ಕಾರ ಮೂರು ಪದರದ ಮಾಸ್ಕಿಗೆ 10 ರೂಪಾಯಿ, ಎರಡು ಪದರದ್ದಕ್ಕೆ 8 ರೂಪಾಯಿ ಮೀರಬಾರದೆಂದು ದರ ಕಟ್ಟಿತ್ತು. ಒಬ್ಬ ಪ್ರಜೆಯ ವರ್ಷದ ಪಾಲಿಗೆ ಒಂದು ಮಾಸ್ಕೂ ಬಾರದು. ಇಬ್ಬರು ಕೂಡಿದರೆ ಒಂದು ಬರುತ್ತದೆ, ಪಾಳಿ ಮೇಲೆ ಹಾಕಿಕೊಳ್ಳಬಹುದು.

ಆ ರೊಕ್ಕ ಮುಟ್ಟಲು ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಸಭೆ ಕರೆಯಬೇಕು, ಕೋರಂ ತುಂಬಬೇಕು, ನಡಾವಳಿ ಪುಸ್ತಕದಲ್ಲಿ ಠರಾವು ಬರೆದು ಸಹಿ ಹಾಕಿಸಬೇಕು. ಹೊರಗೆ ಆಗ 144ನೇ ಕಲಂ. ಗುಂಪು ಸೇರಿದರೆ ಅಂಟುವ ರೋಗಕ್ಕೆ ಮಾಸ್ಕ್ ಕೊಳ್ಳಲು ಮೊದಲು ಗುಂಪು ಸೇರಬೇಕು. ಇದಕ್ಕಿರುವ ಉಪಾಯ ಪುಸ್ತಕವನ್ನೇ ಮನೆಮನೆಗೆ ಕಳಿಸುವುದು. ಎಲ್ಲರೂ ಹಿಡಿಯುವ ಆ ಒಂದು ಪೆನ್ನನ್ನು ಪ್ರಾಥಮಿಕ ಸಂಪರ್ಕಿತ ಎಂದು ಯಾರೂ ಪಟ್ಟಿಗೆ ಸೇರಿಸುವುದಿಲ್ಲ.

ಆಮೇಲೆ ಮೂರು ಕೊಟೇಶನ್. ಲೆಟರ್‌ಹೆಡ್ ಬೇರೆ ಬೇರೆ ಇರಬೇಕು. ಕೈಬರಹ ಒಂದೇ ಇದ್ದರೂ ನಡೆಯುತ್ತದೆ. ತೊಡಕು ಶುರುವಾಗುವುದು ಅಂಗಡಿಯಲ್ಲಿ. ಆಗ ಹತ್ತಕ್ಕೆ ಮಾಸ್ಕ್ ಸಿಗುತ್ತಿರಲಿಲ್ಲ, ಹದಿನೆಂಟು ಎಂದಿಟ್ಟುಕೊಳ್ಳಿ. ಅಂಗಡಿಯವನು ಹದಿನೆಂಟಕ್ಕೆ ಮಾಸ್ಕ್ ಕೊಡುತ್ತಾನೆ, ಬಿಲ್ ಕೊಡುವುದಿಲ್ಲ, ಕೊಟ್ಟರೆ ಅವನ ಮೇಲೇ ಕೇಸು. ಹತ್ತಕ್ಕೆ ಬಿಲ್ ಕೊಡುತ್ತಾನೆ, ಮಾಸ್ಕ್ ಕೊಡುವುದಿಲ್ಲ. 500 ಮಾಸ್ಕಿಗೆ 9,000 ಕೊಟ್ಟು 5,000ದ ಬಿಲ್ ತಂದರೆ ಉಳಿದ 4,000 ಡಾಕ್ಟರ ಜೇಬಿನಿಂದ. ಇಲ್ಲವೇ 900 ಮಾಸ್ಕಿನ ಬಿಲ್ ಮಾಡಿಸಿ, 500 ತಂದು, ಉಳಿದ 400 ಹರಿದುಹೋದವೆಂದು ಸ್ಟಾಕ್ ಬುಕ್ಕಿನಲ್ಲಿ ಬರೆಯಬೇಕು. ಮೊದಲನೆಯದು ದಡ್ಡತನ, ಎರಡನೆಯದು ಅಪರಾಧ. ಮೂರನೆಯದು ಮಾಸ್ಕನ್ನೇ ಕೊಳ್ಳದಿರುವುದು. ಆಡಿಟ್ ಆಕ್ಷೇಪಣೆ ಬಾರದ ದಾರಿ ಅದೊಂದೇ.

ಬೆಂಗಳೂರಿನ ದೊಡ್ಡ ಖರೀದಿಗಳ ಕಥೆ ಬೇರೆ. ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆಯ ಕಲಂ 4(ಜಿ)ಯಲ್ಲಿ ವಿನಾಯಿತಿ ಸಿಕ್ಕರೆ ಟೆಂಡರೇ ಬೇಡ. ಕೋಟಿಗಳಲ್ಲಿದ್ದರೆ ಅದು ತುರ್ತು, ಸಾವಿರಗಳಲ್ಲಿದ್ದರೆ ಅನುಮಾನ. ಮೇ 3ರಂದು ಹೆಲಿಕಾಪ್ಟರ್‌ಗಳು ದೊಡ್ಡ ಊರುಗಳ ಆಸ್ಪತ್ರೆಗಳ ಮೇಲೆ ಹೂ ಸುರಿದವು. ಆ ಹೂವಿನ ಸ್ಟಾಕ್ ಎಂಟ್ರಿ ಯಾರೂ ಕೇಳಿಲ್ಲ.

ಇನ್ನು ಡಾಕ್ಟರ ದರ. ಗುತ್ತಿಗೆ ವೈದ್ಯರಿಗೆ ಆಗ ತಿಂಗಳಿಗೆ 45,000 ಇತ್ತು. ಸಾಮೂಹಿಕ ರಾಜೀನಾಮೆಯ ಮಾತು ಬಂದ ಮೇಲೆ ಜುಲೈನಲ್ಲಿ 60,000 ಆಯಿತು. ಗುತ್ತಿಗೆಯವರು ಕಾಯಂ ಕೇಳಬಾರದೆಂದು ಅವಧಿ ಮುಗಿದಾಗ ಒಂದು ದಿನ ಬ್ರೇಕ್ ಕೊಟ್ಟು ಹೊಸ ಆದೇಶ ಹೊರಡಿಸುವುದು ಹಳೇ ರೂಢಿ. ವೈರಾಣುವಿಗೂ ಅಂದು ರಜೆ ಇರುತ್ತದೆಂದು ಇಲಾಖೆಯ ನಂಬಿಕೆ. ಮುಂಬೈ, ಪುಣೆಗೆ ದುಡಿಯಲು ಹೋದವರು ಮೇ ತಿಂಗಳಲ್ಲಿ ಯಾದಗಿರಿ, ಕಲಬುರಗಿಗೆ ಮರಳಿ, ಶಾಲೆ, ಹಾಸ್ಟೆಲ್‌ಗಳೆಲ್ಲ ಕ್ವಾರಂಟೈನ್ ಕೇಂದ್ರಗಳಾದಾಗ, ಈ ಭಾಗದ ಬಿಸಿಲಲ್ಲಿ ಪಿಪಿಇ ಕಿಟ್ ತೊಟ್ಟು ಅಲ್ಲಿಗೆ ಹೋಗಬೇಕಾದವರು ಇವರೇ.

ಸತ್ತರೆ ಮಾತ್ರ 50 ಲಕ್ಷದ ವಿಮೆ ಇತ್ತು. 45,000ದ ಲೆಕ್ಕದಲ್ಲಿ 111 ತಿಂಗಳ ಸಂಬಳ! ಇಲಾಖೆಯಲ್ಲಿ ಇಷ್ಟು ಒಳ್ಳೆಯ ಪಗಾರದ ಇನ್ನೊಂದು ಹುದ್ದೆ ಇರಲಿಲ್ಲ. ಅದಕ್ಕೂ ಕಾಗದ ಬೇಕಿತ್ತು: ಲ್ಯಾಬ್ ವರದಿ, ಮರಣ ಪ್ರಮಾಣಪತ್ರ, ಆಸ್ಪತ್ರೆಯ ಮರಣ ಸಾರಾಂಶ, ವಾರಸುದಾರರ ಸಂಬಂಧದ ಪುರಾವೆ, ಕೋವಿಡ್ ಕೆಲಸಕ್ಕೆ ಹಾಕಿತ್ತೆಂಬ ಸಂಸ್ಥೆಯ ದೃಢೀಕರಣ. ಫೈಲು ಎಡವುತ್ತಿದ್ದುದು ಈ ಕೊನೆಯದರಲ್ಲಿ. ಸಣ್ಣ ಊರಲ್ಲಿ ಸ್ವಂತ ಕ್ಲಿನಿಕ್ ತೆರೆದಿಟ್ಟು ಜ್ವರದವರನ್ನು ನೋಡಿ ಸತ್ತ ಡಾಕ್ಟರನ್ನು ಸರ್ಕಾರ ಕರೆದಿತ್ತೇ? ಕ್ಲಿನಿಕ್ ಮುಚ್ಚಬೇಡಿ ಎಂದದ್ದು ನಿಜ, ಆದರೆ ಬನ್ನಿ ಎಂದು ಬರೆದುಕೊಟ್ಟಿರಲಿಲ್ಲವಲ್ಲ.

ಅನುದಾನ ಬರುವುದೇ ಇಲ್ಲ ಎನ್ನುವುದು ತಪ್ಪು. ಬರುತ್ತದೆ, ಮಾರ್ಚ್ ಕೊನೆಗೆ, ಯುಸಿ, ಅಂದರೆ ರೊಕ್ಕ ಖರ್ಚಾಯಿತೆಂಬ ಪ್ರಮಾಣಪತ್ರ, ಕೇಳುವ ಮೇಲಿನ ಕಚೇರಿಯ ಫೋನಿನ ಜೊತೆ.

"ಡಾಕ್ಟ್ರ, ಖಾತೆಗೆ ರೊಕ್ಕ ಬಂದದ ನೋಡ್ರಿ. ಸಂಜೀ ಒಳಗ ಖರ್ಚ್ ಮಾಡಿ ಯುಸಿ ಕಳಸ್ರಿ."

"ಇವತ್ತ ಮೂವತ್ತೊಂದು ಅದರೀ. ಕೊಟೇಶನ್ ಯಾವಾಗ ತರ್ಲಿ, ಸಾಮಾನು ಯಾವಾಗ ತರ್ಲಿ?"

"ಯುಸಿ ಮೊದಲ ಕಳಸ್ರಿ. ಸಾಮಾನು ಏನ್ ತಗೋಬೇಕಂತ ಏಪ್ರಿಲ್‌ನ್ಯಾಗ ಯೋಚನಿ ಮಾಡೋಣಂತ."