ಹಡಗಿನವರು ದಡಕ್ಕೆ, ದಡದವರು ಹಡಗಿಗೆ

ನಮ್ಮ ಉತ್ತರ ಕನ್ನಡದ ಕರಾವಳಿಗೆ ಕ್ರೂಸ್, ಅಂದರೆ ಪ್ರವಾಸಿ ಹಡಗು, ಬರಬೇಕು ಎಂಬ ಮಾತು ಆಗಾಗ ಎದ್ದು ಮಲಗುತ್ತದೆ. ಬರುವುದಾದರೆ ಎಕ್ಸ್‌ಪೆಡಿಷನ್ ಕ್ರೂಸೇ, ಅಂದರೆ ಸಾಹಸ ಪ್ರವಾಸದ ಹಡಗೇ ಬರಲಿ. ಅದರಲ್ಲಿ ಹಡಗು ದೂರ ಲಂಗರು ಹಾಕುತ್ತದೆ. ಜನ ರಬ್ಬರ್ ದೋಣಿಯಲ್ಲಿ ದಡದ ಹತ್ತಿರ ಬಂದು ನೀರಿಗೇ ಇಳಿದು ನಡೆಯುತ್ತಾರೆ. ಇದಕ್ಕೆ ವೆಟ್ ಲ್ಯಾಂಡಿಂಗ್ ಎನ್ನುತ್ತಾರೆ, ಲಕ್ಷಗಟ್ಟಲೆ ಕೊಡುತ್ತಾರೆ. ನಮ್ಮ ಮೀನುಗಾರರು ಇಷ್ಟು ವರ್ಷ ಇದನ್ನು ಪುಕ್ಕಟೆ ಮಾಡಿ ಮಾರ್ಕೆಟ್ ಹಾಳು ಮಾಡಿದ್ದಾರೆ.

ಪ್ರವಾಸದ ಮೊದಲ ದಿನ ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಒಂದು ಕಾಲಕ್ಕೆ ನೌಕಾಪಡೆ ಗುರಿ ಅಭ್ಯಾಸಕ್ಕೆ ಗುಂಡು ಹಾರಿಸುತ್ತಿದ್ದ ದ್ವೀಪ. ಈಗ ಅಲ್ಲಿ ಪ್ರವಾಸಿಗರು ಹಾರಿಸುವುದು ಕ್ಯಾಮೆರಾ ಫ್ಲಾಶ್. ಅಲ್ಲಿ ಸ್ಕೂಬಾ ಡೈವಿಂಗ್ ಇದೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು. ಈಜು ಬರದವರನ್ನೂ ಇನ್‌ಸ್ಟ್ರಕ್ಟರ್ ಹಿಡಿದುಕೊಂಡು ಮುಳುಗಿಸುತ್ತಾರೆ. ಕೆಳಗೆ ಮೀನಿದೆ, ಹವಳವಿದೆ. ನಮ್ಮವರು ನೋಡುವುದು ಕ್ಯಾಮೆರಾವನ್ನು. ಫೋಟೋಗೆ ಖುಷಿಯಿಂದ ಹೆಬ್ಬೆರಳು ಎತ್ತುತ್ತಾರೆ. ಡೈವಿಂಗ್‌ನಲ್ಲಿ ಅದರ ಅರ್ಥ 'ಮೇಲೆ ಹೋಗೋಣ'. ಪಾಪ, ಇನ್‌ಸ್ಟ್ರಕ್ಟರ್ ಎಳೆದುಕೊಂಡು ಮೇಲೆ ಬರುತ್ತಾರೆ. ದುಡ್ಡೂ ಹೋಯ್ತು, ಮೀನೂ ಹೋಯ್ತು. ಡಿಪಿ ಮಾತ್ರ ಸಿಕ್ಕಿತು.

ಇನ್ನೊಂದು ನಿಯಮವಿದೆ. ಹಲವು ಸಲ ಮುಳುಗಿ ಎದ್ದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ರಕ್ತದಲ್ಲಿ ಉಳಿದ ಸಾರಜನಕ ಗುಳ್ಳೆಯಾಗಿ ಜೀವಕ್ಕೇ ಕುತ್ತು ತರಬಹುದು. ಈ ನಿಯಮ ಪಾಲಿಸುವುದರಲ್ಲಿ ಉತ್ತರ ಕನ್ನಡವನ್ನು ಮೀರಿಸುವವರಿಲ್ಲ. ಇಲ್ಲಿ ಹತ್ತೋಣವೆಂದರೂ ವಿಮಾನವಿಲ್ಲ.

ಎರಡನೇ ದಿನ ಕಾರವಾರ. ಟ್ಯಾಗೋರ್ ಬೀಚ್ ಸರಿ, ಮ್ಯೂಸಿಯಂ ಆಗಿರುವ ಯುದ್ಧನೌಕೆ ಚಪಲ್ ಸರಿ. ಆದರೆ ಕಾಳಿ ನದಿಯನ್ನು ಬಿಡಬಾರದು. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಲಾರಿ ಸಮೇತ ನೀರಿಗೆ ಇಳಿಯಿತು. ಸಿಲಿಂಡರ್ ಇಲ್ಲ, ಇನ್‌ಸ್ಟ್ರಕ್ಟರ್ ಇಲ್ಲ, ಸರ್ಟಿಫಿಕೇಟ್ ಇಲ್ಲ. ಪುಣ್ಯಕ್ಕೆ ಚಾಲಕ ಬದುಕಿದ. ಪ್ರವಾಸೋದ್ಯಮದವರು ಇದನ್ನು ಯಾಕೆ ಬ್ರೋಷರ್‌ಗೆ ಹಾಕಿಲ್ಲವೋ ತಿಳಿಯದು.

ಡೈವ್‌ಗೆ ಮೊದಲು ಒಂದು ಫಾರಂ ತುಂಬಬೇಕು. ಹೃದಯದ ತೊಂದರೆ ಇದೆಯೇ? ಉಬ್ಬಸ ಇದೆಯೇ? ಇದ್ದರೆ ಡಾಕ್ಟರ ಚೀಟಿ ತನ್ನಿ. ನನಗನ್ನಿಸುವುದು, ಈ ಫಾರಂ ನಮ್ಮ ಜಿಲ್ಲೆಯಲ್ಲಿ ಮನೆ ಕಟ್ಟುವವರಿಗೂ ಕೊಡಬೇಕು. ಕಾರವಾರದಲ್ಲಿ ಮೆಡಿಕಲ್ ಕಾಲೇಜೇನೋ ಇದೆ. ಆದರೂ ಎದೆ ಹಿಡಿದುಕೊಂಡವರನ್ನು ಆಂಬುಲೆನ್ಸ್‌ಗೆ ಹಾಕಿ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡಿಸುವುದು ನಿಂತಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಜನ ಕೇಳುತ್ತಲೇ ಇದ್ದಾರೆ. ಅವರಿಗೆ ಬೀಚ್ ಉತ್ಸವ ಸಿಗುತ್ತದೆ.

ಅಂಥ ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಚಿಕ್ಕ ಆಸ್ಪತ್ರೆಯೂ ಇರುತ್ತದೆ. ಹಾಗಾಗಿ ನನ್ನದೊಂದು ಸಣ್ಣ ತಿದ್ದುಪಡಿ. ಹಡಗಿನವರು ಬೆಳಿಗ್ಗೆ ದಡ ನೋಡಲು ಇಳಿಯಲಿ. ರಬ್ಬರ್ ದೋಣಿ ಖಾಲಿ ವಾಪಸ್ ಹೋಗುವುದು ಬೇಡ. ನಮ್ಮವರು ಹತ್ತಿ ಹೋಗಿ ಇಸಿಜಿ ಮಾಡಿಸಿಕೊಂಡು ಬರುತ್ತಾರೆ. ಟೋಕನ್ ಕಾರವಾರದ ದೇವಬಾಗ ಬೀಚಿನಲ್ಲಿ ಕೊಟ್ಟರೆ ಅನುಕೂಲ.